ಕಣ್ಣು ಕೊಟ್ಟ ಅಣ್ಣ ಡಾ. ಎಂ.ಸಿ. ಮೋದಿ

ಡಾ. ಎಂ.ಸಿ. ಮೋದಿ ಎಂಬ ಹೆಸರು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ನಮ್ಮ ಕಾಮರ್ಸ್ ಕ್ಲಾಸಿನಲ್ಲಿ ಕೇಳಿ ನೋಡಿದೆ. ಮೋದಿ ಎಂದ ಕೂಡಲೇ ಎಲ್ಲರೂ ಪ್ರಧಾನಿಯವರ ಬಗ್ಗೆ ಮಾತಾಡತೊಡಗಿದರು. ಅದೇ ಹೆಸರನ್ನು ಎಪ್ಪತ್ತು ದಾಟಿದವರ ಮುಂದೆ ಹೇಳಿ ನೋಡಿ, ಕಣ್ಣಿನ ಡಾಕ್ಟರ್ ಮೋದಿಯವರೇ ಎಂದು ಅವರೇ ತಿರುಗಿ ಕೇಳುತ್ತಾರೆ. ಕುರುಗೋಡಿನ ನನ್ನ ಗೆಳೆಯನ ತಾತನಂತೂ ಕಣ್ಣು ನೋಡುವ ಡಾಕ್ಟರ್ ಯಾರೇ ಇರಲಿ, ಗಂಡಸಿರಲಿ ಹೆಂಗಸಿರಲಿ, ಮೋದಿ ಡಾಕ್ಟರ್ ಎಂದೇ ಕರೆಯುತ್ತಾರೆ. ಒಬ್ಬ ಮನುಷ್ಯನ ಹೆಸರು ಒಂದು ಕಸುಬಿನ ಹೆಸರೇ ಆಗಿಬಿಡಬೇಕಾದರೆ ಆ ಮನುಷ್ಯ ಏನು ಮಾಡಿರಬೇಕು ಎಂಬ ಕುತೂಹಲದಿಂದ ಓದತೊಡಗಿದೆ. ಓದುತ್ತಾ ಹೋದಂತೆ ನನಗೆ ಇನ್ನೊಂದು ಪ್ರಶ್ನೆಯೂ ಹುಟ್ಟಿತು. ಅದನ್ನು ಆಮೇಲೆ ಹೇಳುತ್ತೇನೆ.

ಮುರುಗಪ್ಪ ಚನ್ನವೀರಪ್ಪ ಮೋದಿಯವರು ಹುಟ್ಟಿದ್ದು 1916ರ ಅಕ್ಟೋಬರ್ 4ರಂದು, ಬೀಳಗಿಯಲ್ಲಿ. ಬೀಳಗಿ ಈಗ ಬಾಗಲಕೋಟೆ ಜಿಲ್ಲೆಯ ತಾಲೂಕು ಕೇಂದ್ರ. ಆಗ ಬಾಗಲಕೋಟೆ ಜಿಲ್ಲೆ ಎಂಬುದೇ ಇರಲಿಲ್ಲ. ಬೀಳಗಿ ಬಿಜಾಪುರ ಜಿಲ್ಲೆಯಲ್ಲಿತ್ತು, ಬಿಜಾಪುರ ಬೊಂಬಾಯಿ ಪ್ರಾಂತ್ಯದಲ್ಲಿತ್ತು. ಅದೇ ಹೊತ್ತಿಗೆ ನಮ್ಮ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಜನರ ಮಾತು ಕನ್ನಡವೇ ಆದರೂ ಅವರು ಬೊಂಬಾಯಿಗೆ ಅರ್ಜಿ ಬರೆಯಬೇಕು, ನಾವು ಮದ್ರಾಸಿಗೆ. ಬಳ್ಳಾರಿ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, ಬಿಜಾಪುರ 1956ರಲ್ಲಿ. ಆದರೆ ಬಿಸಿಲು, ಧೂಳು, ಬೇಸಿಗೆಯಲ್ಲಿ ಕೊಡ ನೀರಿಗಾಗಿ ನಡೆಯುವ ದಾರಿ, ಇವು ಎರಡೂ ಕಡೆ ಒಂದೇ ಆಗಿದ್ದವು. ಕಣ್ಣಿನ ರೋಗಗಳ ಕತೆಯಲ್ಲಿ ಈ ಮೂರೂ ಬರುತ್ತವೆ, ಅದಕ್ಕೇ ಹೇಳಿದೆ.

ಅವರು ಬೆಳಗಾವಿಯಲ್ಲಿ ವೈದ್ಯ ಶಿಕ್ಷಣ ಪಡೆದು, ಬೊಂಬಾಯಿಯಲ್ಲಿ ಕಣ್ಣಿನ ಚಿಕಿತ್ಸೆ ಕಲಿತರು. ಚಲೇಜಾವ್ ಚಳವಳಿಯ ಕಾಲವದು. ಬೊಂಬಾಯಿಯಂಥ ನಗರದಲ್ಲಿ ಕಣ್ಣಿನ ಡಾಕ್ಟರ್ ಎಂದು ಬೋರ್ಡ್ ಹಾಕಿಕೊಂಡು ಕೂತಿದ್ದರೆ ಆರಾಮಾಗಿ ಬದುಕಬಹುದಿತ್ತು. ಅವರು ಹಾಗೆ ಮಾಡಲಿಲ್ಲ. 1943ರಿಂದ ಹಳ್ಳಿಗಳ ಕಡೆ ಹೊರಟರು. ಆಗ ಅವರಿಗೆ ಇನ್ನೂ ಇಪ್ಪತ್ತೇಳು ವರ್ಷ.

ಆ ಕಾಲದ ಒಬ್ಬ ರೈತನ ಕಷ್ಟ ಯೋಚಿಸಿ ನೋಡಿ. ಐವತ್ತೈದು ವರ್ಷಕ್ಕೆ ಕಣ್ಣಿಗೆ ಪೊರೆ ಬರುತ್ತದೆ. ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೆ ಮೋತಿಯಾ ಎನ್ನುತ್ತಾರೆ, ಮುತ್ತಿನ ಹಾಗೆ ಬೆಳ್ಳಗೆ ಕಾಣುವುದರಿಂದ. ಕಣ್ಣಿನೊಳಗಿನ ಸ್ವಚ್ಛ ಮಸೂರ ಮಬ್ಬಾಗುತ್ತಾ ಹೋಗಿ, ಕೊನೆಗೆ ಬೆಳಕು ಕತ್ತಲು ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ. ಯಾವ ಮಾತ್ರೆಯಿಂದಲೂ ಇದು ಹೋಗದು, ಮಸೂರ ತೆಗೆಯಲೇಬೇಕು. ಆಸ್ಪತ್ರೆ ಇರುವುದು ದೂರದ ಪಟ್ಟಣದಲ್ಲಿ. ಹೋಗಬೇಕೆಂದರೆ ಕೈಹಿಡಿದು ಕರೆದೊಯ್ಯಲು ಒಬ್ಬ ಮಗ ಕೂಲಿ ಬಿಡಬೇಕು, ಇಬ್ಬರ ಬಸ್ಸು, ಇಬ್ಬರ ಊಟ, ವಾರಗಟ್ಟಲೆ ಉಳಿಯಲು ಜಾಗ. ಅದಕ್ಕಾಗಿ ಜನ ಹೋಗುತ್ತಲೇ ಇರಲಿಲ್ಲ. ಮನೆಯ ಕಟ್ಟೆಯ ಮೇಲೆ ಕೂತು, ಯಾರು ಬಂದರೆಂದು ಹೆಜ್ಜೆ ಸಪ್ಪಳದಲ್ಲೇ ಗುರುತಿಸುತ್ತಾ ಉಳಿದ ಹತ್ತಿಪ್ಪತ್ತು ವರ್ಷ ಕಳೆಯುತ್ತಿದ್ದರು. ಮೋದಿಯವರು ಮಾಡಿದ್ದು ಇಷ್ಟೇ: ಆಸ್ಪತ್ರೆಗೆ ಬಾರದ ಜನರ ಹತ್ತಿರ ಆಸ್ಪತ್ರೆಯನ್ನೇ ಒಯ್ದರು.

ಇಂಥ ಶಿಬಿರಗಳನ್ನು ಮಾಡಿದವರಲ್ಲಿ ಅವರೇ ಮೊದಲಿಗರಲ್ಲ. ಪಂಜಾಬಿನ ಮೋಗಾ ಎಂಬ ಊರಿನಲ್ಲಿ ಡಾ. ಮಥುರಾ ದಾಸ್ ಅವರು ಇವರಿಗಿಂತ ಮುಂಚೆಯೇ ಸಾವಿರಾರು ಪೊರೆ ಆಪರೇಷನ್ ಮಾಡಿ ಹೆಸರಾಗಿದ್ದರು. ಆದರೆ ಊರಿಂದೂರಿಗೆ ತಿರುಗುತ್ತಾ, ಐವತ್ತು ವರ್ಷ ಅದನ್ನೇ ಮಾಡುತ್ತಾ ಇದ್ದವರು ಬಹಳ ಕಡಿಮೆ.

ಶಿಬಿರ ನಡೆಯುತ್ತಿದ್ದುದು ಶಾಲೆಯಲ್ಲಿ, ಛತ್ರದಲ್ಲಿ, ಧರ್ಮಶಾಲೆಯಲ್ಲಿ. ಊರಿನ ಹಿರಿಯರು, ವ್ಯಾಪಾರಿಗಳು, ಸಂಘಗಳು ಸೇರಿ ಜಾಗ, ಊಟ, ಔಷಧಿಯ ಖರ್ಚು ನೋಡಿಕೊಳ್ಳಬೇಕು. ರೋಗಿಯಿಂದ ಹಣವಿಲ್ಲ. ಸುತ್ತಲಿನ ಹಳ್ಳಿಗಳಿಗೆ ಸುದ್ದಿ ಹೋಗುತ್ತದೆ. ಎತ್ತಿನ ಗಾಡಿಯಲ್ಲಿ, ಲಾರಿಯಲ್ಲಿ, ನಡೆದುಕೊಂಡು ಜನ ಬರುತ್ತಾರೆ. ಮೊದಲು ಎಲ್ಲರ ಕಣ್ಣು ಪರೀಕ್ಷೆ. ಆಪರೇಷನ್ ಬೇಕಾದವರನ್ನು ಬೇರೆ ಮಾಡುತ್ತಾರೆ. ಮೇಜುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಸಹಾಯಕರು ಒಬ್ಬರನ್ನು ಮಲಗಿಸಿ, ಕಣ್ಣು ಸ್ವಚ್ಛ ಮಾಡಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು ತಯಾರು ಮಾಡುವಷ್ಟರಲ್ಲಿ ಡಾಕ್ಟರ್ ಪಕ್ಕದ ಮೇಜಿನ ಆಪರೇಷನ್ ಮುಗಿಸಿ ಇತ್ತ ತಿರುಗುತ್ತಾರೆ. ಅವರು ಮುಂದಿನ ಮೇಜಿಗೆ ಹೋದಾಗ ಹಿಂದೆ ಇನ್ನೊಬ್ಬರು ಪಟ್ಟಿ ಕಟ್ಟುತ್ತಾರೆ. ಡಾಕ್ಟರ ಕೈ ಒಂದು ನಿಮಿಷವೂ ಖಾಲಿ ಇರಬಾರದು, ಅದು ಲೆಕ್ಕ. ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲಿ ಕೆಲಸದ ವಿಭಜನೆ ಎಂಬ ಪಾಠ ಓದುವಾಗ ಫ್ಯಾಕ್ಟರಿಯ ಉದಾಹರಣೆ ಕೊಡುತ್ತಾರೆ. ನನಗೀಗ ಆ ಪಾಠಕ್ಕೆ ಹಳ್ಳಿಯ ಶಾಲೆಯೊಂದರ ಚಿತ್ರ ನೆನಪಾಗುತ್ತದೆ.

ಈ ಪದ್ಧತಿಯಲ್ಲಿ ಅವರು ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಆಪರೇಷನ್ ಮಾಡಿದರು. ಗಿನ್ನೆಸ್ ದಾಖಲೆಯ ಪುಸ್ತಕ ಸೇರಿದ ಸಂಖ್ಯೆ ಅದು. ಹದಿನಾಲ್ಕು ಗಂಟೆ ಕೆಲಸ ಮಾಡಿದರೆಂದು ಇಟ್ಟುಕೊಂಡರೆ 840 ನಿಮಿಷ. ಒಂದು ಕಣ್ಣಿಗೆ ಒಂದು ನಿಮಿಷ!

ಅದೇ ಗಿನ್ನೆಸ್ ಪುಸ್ತಕ 1993ರ ಫೆಬ್ರವರಿವರೆಗಿನ ಅವರ ಒಟ್ಟು ಲೆಕ್ಕವನ್ನೂ ಕೊಟ್ಟಿದೆ. ಭೇಟಿಯಾದ ಹಳ್ಳಿಗಳು 46,120. ನೋಡಿದ ರೋಗಿಗಳು 1,21,18,630. ಮಾಡಿದ ಆಪರೇಷನ್ 6,10,564. ಕಾಮರ್ಸ್ ವಿದ್ಯಾರ್ಥಿಗೆ ಸಂಖ್ಯೆ ಕಂಡರೆ ಕ್ಯಾಲ್ಕುಲೇಟರ್ ತೆಗೆಯದೆ ಇರಲಾಗುವುದಿಲ್ಲ. 1943ರಿಂದ 1993 ಎಂದರೆ ಐವತ್ತು ವರ್ಷ. ವರ್ಷಕ್ಕೆ ಸುಮಾರು 12,200 ಆಪರೇಷನ್, ಭಾನುವಾರ ಹಬ್ಬ ಯಾವುದೂ ಬಿಡದೆ ದಿನಕ್ಕೆ 33. 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದಲ್ಲಿರುವ ಹಳ್ಳಿಗಳೇ ಮೂವತ್ತು ಸಾವಿರದೊಳಗೆ. ಅಂದರೆ ರಾಜ್ಯದ ಗಡಿ ದಾಟಿ ಎಷ್ಟು ತಿರುಗಿರಬೇಕು ನೋಡಿ.

ನನ್ನ ಗಮನ ಸೆಳೆದದ್ದು ಇನ್ನೊಂದು ಭಾಗಾಕಾರ. ರೋಗಿಗಳ ಸಂಖ್ಯೆಯನ್ನು ಆಪರೇಷನ್ ಸಂಖ್ಯೆಯಿಂದ ಭಾಗಿಸಿದರೆ ಹೆಚ್ಚು ಕಡಿಮೆ ಇಪ್ಪತ್ತು ಬರುತ್ತದೆ. ಸಾಲಿನಲ್ಲಿ ನಿಂತ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಆಪರೇಷನ್. ಉಳಿದ ಹತ್ತೊಂಬತ್ತು ಜನರ ಕಣ್ಣು ನೋಡಿ, ಹನಿಯೋ ಮುಲಾಮೋ ಕನ್ನಡಕದ ಚೀಟಿಯೋ ಕೊಟ್ಟು, ಇಲ್ಲವೇ ಏನೂ ತೊಂದರೆಯಿಲ್ಲ ಎಂದು ಹೇಳಿ ಕಳಿಸಬೇಕು. ಗಿನ್ನೆಸ್ ಪುಸ್ತಕಕ್ಕೆ ಆ ಒಬ್ಬರೇ ದಾಖಲೆ. ಆದರೆ ಒಂದು ಕೋಟಿಗೂ ಹೆಚ್ಚು ಜನರ ರೆಪ್ಪೆ ಬಿಡಿಸಿ ನೋಡಿದ್ದು ನನಗೆ 833ಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಜನ ಅವರನ್ನು ಕಣ್ಣು ಕೊಟ್ಟ ಅಣ್ಣ ಎಂದು ಕರೆದರು. ಸರ್ಕಾರ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಕೊಟ್ಟಿತು. ಪ್ರಶಸ್ತಿಗಳ ವಿಷಯ ಇಲ್ಲಿಗೆ ಸಾಕು.

ಈಗ ಮೊದಲು ಹೇಳಿದ ಪ್ರಶ್ನೆ. ಪಟ್ಟಿ ಬಿಚ್ಚಿದ ಮೇಲೆ ಏನಾಗುತ್ತಿತ್ತು?

ಆ ಕಾಲದ ಪೊರೆ ಆಪರೇಷನ್ನಿನಲ್ಲಿ ಮಬ್ಬಾದ ಮಸೂರವನ್ನು ತೆಗೆದುಬಿಡುತ್ತಿದ್ದರು, ಅದರ ಜಾಗದಲ್ಲಿ ಏನೂ ಇಡುತ್ತಿರಲಿಲ್ಲ. ಆಪರೇಷನ್ ಆದವರು ಕೆಲವು ದಿನ ಅಲುಗಾಡದೆ ಮಲಗಬೇಕು, ಕೆಮ್ಮಬಾರದು, ಬಗ್ಗಬಾರದು. ಗಾಯ ಆರಿದ ಮೇಲೆ ದಪ್ಪ ಕನ್ನಡಕ. ಕುರುಗೋಡಿನ ತಾತ ಇಂಥದೊಂದು ಕನ್ನಡಕವನ್ನು ಹಳೆಯ ಬಿಸ್ಕತ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ, ಅದು ಅವರ ತಂದೆಯದು. ನಾವು ಸೋಡಾಬುಡ್ಡಿ ಎಂದು ನಗುತ್ತೇವಲ್ಲ, ಅದೇ. ನಾನು ಹಾಕಿಕೊಂಡು ನೋಡಿದೆ, ತಲೆ ತಿರುಗಿತು. ಈ ಕನ್ನಡಕದಲ್ಲಿ ಎಲ್ಲವೂ ಕಾಲು ಭಾಗದಷ್ಟು ದೊಡ್ಡದಾಗಿ ಕಾಣುತ್ತದೆ. ಲೋಟ ಇದೆ ಎಂದು ಕೈ ಹಾಕಿದರೆ ಲೋಟ ಅಲ್ಲಿರುವುದಿಲ್ಲ. ಪಕ್ಕದಿಂದ ಬರುವ ಎತ್ತು, ಸೈಕಲ್ಲು ತಟ್ಟನೆ ಎದುರಿಗೆ ಬಂದ ಹಾಗಾಗುತ್ತದೆ. ಮೆಟ್ಟಿಲು ಇಳಿಯುವುದನ್ನು ಹೊಸದಾಗಿ ಕಲಿಯಬೇಕು. ಕನ್ನಡಕ ಒಡೆಯಿತೋ, ಮತ್ತೆ ಹಳೆಯ ಕತ್ತಲು. ಹಳ್ಳಿಯಲ್ಲಿ ಹೊಸದು ಎಲ್ಲಿ ಸಿಗಬೇಕು?

ಹಾಗಿದ್ದರೂ ಏನೂ ಕಾಣದವನಿಗೆ ಮೊಮ್ಮಗಳ ಮುಖ ಕಾಣುವುದು ಎಂದರೆ ಏನು ಎಂಬುದನ್ನು ನಾವು ಕಣ್ಣಿದ್ದವರು ಅಳೆಯಲಾರೆವು. ಮೋದಿಯವರ ಶಿಬಿರಗಳ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ನಾನು ಹೇಳುವುದು ಲೆಕ್ಕದ ವಿಷಯ. ಆಪರೇಷನ್ ಎಷ್ಟು ಎಂದು ಪುಸ್ತಕದಲ್ಲಿದೆ. ಆರು ತಿಂಗಳ ಮೇಲೆ ಎಷ್ಟು ಜನ ಬೆರಳು ಎಣಿಸಬಲ್ಲವರಾಗಿದ್ದರು, ಎಷ್ಟು ಜನರ ಕಣ್ಣಿಗೆ ಕೀವಾಯಿತು, ಎಷ್ಟು ಕನ್ನಡಕ ಒಡೆದವು ಎಂಬುದಕ್ಕೆ ಗಿನ್ನೆಸ್ ಪುಸ್ತಕದಲ್ಲಿ ಕಾಲಂ ಇಲ್ಲ. ಅದು ಮೋದಿಯವರೊಬ್ಬರ ಕೊರತೆ ಅಲ್ಲ, ಆ ಕಾಲದ ಕೊರತೆ. ಪೊರೆ ಆಪರೇಷನ್ನಿನ ಫಲ ಹೀಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಳತೆ ಕೊಟ್ಟದ್ದು 1990ರ ದಶಕದ ಕೊನೆಯಲ್ಲಿ: ನೂರು ಕಣ್ಣಿನಲ್ಲಿ ಕನಿಷ್ಠ 80ಕ್ಕೆ ಚೆನ್ನಾಗಿ ಕಾಣಬೇಕು, ಕೆಟ್ಟ ಫಲ 5ಕ್ಕಿಂತ ಕಡಿಮೆ ಇರಬೇಕು. ಅಷ್ಟರಲ್ಲಿ ಮೋದಿಯವರು ಎಂಬತ್ತು ದಾಟಿದ್ದರು.

ಈ ಪ್ರಶ್ನೆ ನನಗೆ ಸುಮ್ಮನೆ ಬಂದದ್ದಲ್ಲ. ಸಿರುಗುಪ್ಪದಲ್ಲಿರುವ ನಮ್ಮ ನಾನಿಯಿಂದ ಬಂತು. ನಾನಿಯದು ಪೊರೆಯಲ್ಲ, ರೆಪ್ಪೆಯ ತೊಂದರೆ. ಕಣ್ಣಿನ ರೆಪ್ಪೆ ಒಳಕ್ಕೆ ಮಡಚಿ, ರೆಪ್ಪೆಯ ಕೂದಲು ಕಣ್ಣುಗುಡ್ಡೆಗೆ ಚುಚ್ಚುತ್ತದೆ. ಮನೆಯಲ್ಲಿ ಇದಕ್ಕೆ ಪಡ್‌ಬಾಲ್ ಎನ್ನುತ್ತಾರೆ. ನನಗೆ ಬುದ್ಧಿ ಬಂದಾಗಿನಿಂದ ನಾನಿಯ ಕೈಯಲ್ಲಿ ಒಂದು ಸಣ್ಣ ಚಿಮಟ. ವಾರಕ್ಕೊಮ್ಮೆ ಅಂಗಳದಲ್ಲಿ ಬಿಸಿಲಿಗೆ ಮುಖ ಮಾಡಿ ಕೂರುತ್ತಿದ್ದರು, ಖಾಲಾ ಒಂದೊಂದೇ ಕೂದಲು ಕೀಳುತ್ತಿದ್ದರು. ಕಿತ್ತ ದಿನ ಆರಾಮು, ನಾಲ್ಕೈದು ವಾರಕ್ಕೆ ಮೊಂಡು ಕೂದಲು ಮತ್ತೆ ಮೂಡುತ್ತದೆ, ಅದು ಇನ್ನೂ ಜೋರಾಗಿ ಚುಚ್ಚುತ್ತದೆ. ಬತ್ತದ ಸುಗ್ಗಿಯಲ್ಲಿ, ಊರೆಲ್ಲ ಹೊಟ್ಟಿನ ಧೂಳು ಹಾರುವಾಗ, ಸೆರಗಿನಿಂದ ಕಣ್ಣು ಮುಚ್ಚಿಕೊಂಡೇ ಅಡಿಗೆ ಮಾಡುತ್ತಿದ್ದರು.

ಇದರ ಮೂಲ ಟ್ರಕೋಮಾ ಎಂಬ ಸೋಂಕು, ಉರ್ದುವಿನಲ್ಲಿ ರೋಹೆ. ಒಂದು ಬ್ಯಾಕ್ಟೀರಿಯಾದಿಂದ ಬರುತ್ತದೆ. ಮಗುವಿನ ಕಣ್ಣಿನ ಪಿಸರು ತಾಯಿಯ ಸೆರಗಿಗೆ, ಅದೇ ಸೆರಗಿನಿಂದ ಇನ್ನೊಂದು ಮಗುವಿಗೆ, ನೊಣದ ಕಾಲಿನಿಂದ ಪಕ್ಕದ ಮನೆಗೆ. ಮುಖ ತೊಳೆಯಲು ನೀರಿಲ್ಲದ ಕಡೆ ಹಬ್ಬುತ್ತದೆ. ಚಿಕ್ಕಂದಿನಲ್ಲಿ ಮತ್ತೆ ಮತ್ತೆ ಬಂದರೆ ರೆಪ್ಪೆಯ ಒಳಮೈಯಲ್ಲಿ ಕಲೆಗಟ್ಟುತ್ತದೆ. ಸುಟ್ಟ ಗಾಯ ಆರುವಾಗ ಚರ್ಮ ಹೇಗೆ ಸುಕ್ಕುಗಟ್ಟಿ ಎಳೆಯುತ್ತದೋ ಹಾಗೆ ಆ ಕಲೆ ರೆಪ್ಪೆಯ ಅಂಚನ್ನು ಒಳಕ್ಕೆ ಎಳೆಯುತ್ತದೆ. ಇದಕ್ಕೆ ಮೂವತ್ತು ನಲವತ್ತು ವರ್ಷ ಬೇಕು. ಕೂದಲು ಉಜ್ಜಿ ಉಜ್ಜಿ ಕರಿಗುಡ್ಡೆ ಬೆಳ್ಳಗಾದರೆ ಹೋದ ದೃಷ್ಟಿ ಹೋಯಿತು. ಮಕ್ಕಳನ್ನು ಎತ್ತಿ ಆಡಿಸುವವರು ಹೆಂಗಸರಾದ್ದರಿಂದ ಅವರಿಗೇ ಇದು ಹೆಚ್ಚು. ಹಳೆಯ ರೋಗವಿದು. ಸಾವಿರ ವರ್ಷದ ಹಿಂದೆ ಬಾಗ್ದಾದಿನ ಅಲಿ ಇಬ್ನ್ ಈಸಾ ಎಂಬ ಕಣ್ಣಿನ ವೈದ್ಯ ಬರೆದ ಪುಸ್ತಕದಲ್ಲೂ ಈ ಸೋಂಕು, ಈ ಒಳಮುಖದ ಕೂದಲು ಎರಡರ ವಿವರವೂ ಇದೆ.

ಮೋದಿಯವರು ಕೆಲಸ ಮಾಡಿದ ದಶಕಗಳಲ್ಲಿ ಟ್ರಕೋಮಾ ದೇಶದ ದೊಡ್ಡ ಸಮಸ್ಯೆಯಾಗಿತ್ತು. ಪಂಜಾಬ್, ರಾಜಸ್ಥಾನ, ಉತ್ತರ ಪ್ರದೇಶ, ಗುಜರಾತ್ ಕಡೆ ಬಹಳ, ನಮ್ಮ ಕಡೆ ಅಷ್ಟಿಲ್ಲ. ಕೇಂದ್ರ ಸರ್ಕಾರ 1963ರಲ್ಲಿ ಟ್ರಕೋಮಾ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು, 1976ರಲ್ಲಿ ಅದು ಅಂಧತ್ವ ನಿಯಂತ್ರಣ ಕಾರ್ಯಕ್ರಮದೊಳಗೆ ಸೇರಿತು. 2024ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ಟ್ರಕೋಮಾ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಎಂದು ಮಾನ್ಯ ಮಾಡಿತು. ನೇಪಾಳ, ಮ್ಯಾನ್ಮಾರ್ ಆದ ಮೇಲೆ ಆಗ್ನೇಯ ಏಷ್ಯಾ ವಲಯದಲ್ಲಿ ಮೂರನೆಯದು ನಮ್ಮ ದೇಶ. ಸಂತೋಷದ ಸುದ್ದಿ. ಆದರೆ ಸೋಂಕು ಹೋದರೂ ಐವತ್ತು ಅರವತ್ತು ವರ್ಷದ ಹಿಂದೆ ಮಕ್ಕಳಾಗಿದ್ದಾಗ ಸೋಂಕು ತಗುಲಿದವರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ, ಅವರ ರೆಪ್ಪೆಗಳು ಈಗ ಮಡಚುತ್ತಿವೆ.

ನಾನಿಯನ್ನು ಬಳ್ಳಾರಿಗೆ ಕರೆತಂದು ತೋರಿಸಿದೆವು. ಡಾಕ್ಟರ್ ರೆಪ್ಪೆ ಹೊರಳಿಸಿ ನೋಡಿ, ಒಳಗೆ ಬಿಳಿ ಗೆರೆಯಂಥ ಕಲೆಯನ್ನು ಅಬ್ಬಾಗೂ ನನಗೂ ತೋರಿಸಿದರು. ಎರಡೂ ಕಣ್ಣಿನ ಮೇಲ್ರೆಪ್ಪೆಗೆ ಆಪರೇಷನ್ ಆಯಿತು. ರೆಪ್ಪೆಗೆ ಮಾತ್ರ ಇಂಜೆಕ್ಷನ್, ಎಚ್ಚರವಾಗಿಯೇ ಇರುತ್ತಾರೆ. ರೆಪ್ಪೆಯೊಳಗಿನ ಗಟ್ಟಿ ಪದರವನ್ನು ಅಂಚಿಗೆ ಸಮಾನಾಂತರವಾಗಿ ಕತ್ತರಿಸಿ, ಅಂಚನ್ನು ಹೊರಕ್ಕೆ ತಿರುಗಿಸಿ, ಹಾಗೇ ನಿಲ್ಲುವಂತೆ ಹೊಲಿಗೆ ಹಾಕುತ್ತಾರೆ. ಅರ್ಧ ಗಂಟೆಯೊಳಗಿನ ಕೆಲಸ. ಮೊದಲ ತಿಂಗಳು ನಾನಿ ಚಿಮಟವನ್ನು ಮುಟ್ಟಲಿಲ್ಲ. ಆರನೇ ತಿಂಗಳಿಗೆ ಎಡಗಣ್ಣಿನಲ್ಲಿ ಎರಡು ಕೂದಲು ಮತ್ತೆ ಒಳಕ್ಕೆ ತಿರುಗಿದವು. ಬಲಗಣ್ಣು ಚೆನ್ನಾಗಿಯೇ ಇತ್ತು. ಆಪರೇಷನ್ ಮಾಡಿದ ಕಡೆಯಿಂದ ಹೊಲಿಗೆ ಬಿಚ್ಚಿದ ಮೇಲೆ ಮತ್ತೆ ಬನ್ನಿ ಎಂದು ಯಾರೂ ಹೇಳಿರಲಿಲ್ಲ, ತಾರೀಖು ಬರೆದ ಚೀಟಿಯೂ ಇರಲಿಲ್ಲ. ನಾನಿಯೂ ಇಷ್ಟು ಖರ್ಚು ಮಾಡಿದ ಮೇಲೆ ಮತ್ತೆ ಹೇಗೆ ಹೇಳುವುದೆಂದು ಎರಡು ತಿಂಗಳು ಸುಮ್ಮನಿದ್ದರು. ಖಾಲಾ ಚಿಮಟ ಹುಡುಕುತ್ತಿದ್ದುದನ್ನು ಕಂಡು ಅಮ್ಮಿಗೆ ತಿಳಿಯಿತು.

ಈ ಆಪರೇಷನ್ ಮತ್ತೆ ಕೆಡುವುದು ಎಲ್ಲ ದೇಶಗಳಲ್ಲೂ ಇರುವ ಸಮಸ್ಯೆ ಎಂದು ಆಮೇಲೆ ಓದಿದೆ. ಕೆಲವು ಅಧ್ಯಯನಗಳಲ್ಲಿ ನೂರಕ್ಕೆ ಹತ್ತು ಜನರಿಗಿಂತ ಕಡಿಮೆ, ಕೆಲವು ಕಡೆ ಮೂರು ವರ್ಷದೊಳಗೆ ಅರವತ್ತರ ಸಮೀಪ. ಇಷ್ಟೊಂದು ಅಂತರ ಯಾಕೆ? ಮಡಚಿದ್ದು ಎಷ್ಟು ಜಾಸ್ತಿ ಇತ್ತು, ಕತ್ತರಿಸಿದ್ದು ಸಾಕಷ್ಟು ಉದ್ದವಿತ್ತೇ, ಹೊಲಿಗೆ ಬಿಗಿಯಾಗಿತ್ತೇ, ಎಲ್ಲಕ್ಕಿಂತ ಹೆಚ್ಚಾಗಿ ಮಾಡಿದ ಕೈ ಯಾವುದು. ಒಂದೇ ಕಡೆ, ಒಂದೇ ಪದ್ಧತಿಯಲ್ಲಿ ಮಾಡುವ ಇಬ್ಬರ ಫಲವೂ ಬೇರೆ ಬೇರೆ ಇರುತ್ತದೆ. ಇಥಿಯೋಪಿಯಾದಲ್ಲಿ ಈ ರೋಗ ಇನ್ನೂ ಬಹಳ. ಅಲ್ಲಿ 1000 ರೋಗಿಗಳ ಮೇಲೆ ಎರಡು ಪದ್ಧತಿಗಳನ್ನು ಹೋಲಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ರೆಪ್ಪೆಯ ಎರಡೂ ಪದರ ಕತ್ತರಿಸುವುದಕ್ಕಿಂತ ಒಳಗಿನ ಪದರ ಮಾತ್ರ ಕತ್ತರಿಸಿದವರಲ್ಲಿ ವರ್ಷದೊಳಗೆ ಕೂದಲು ಮರಳಿದ್ದು ಹೆಚ್ಚು ಕಡಿಮೆ ಅರ್ಧದಷ್ಟು. ಆಪರೇಷನ್ ಆದ ಮೇಲೆ ಅಜಿತ್ರೋಮೈಸಿನ್ ಒಂದು ಸಲ ನುಂಗಿಸಿದರೆ ವರ್ಷದೊಳಗೆ ಮರಳುವುದು ಮೂರರಲ್ಲಿ ಒಂದು ಭಾಗ ಕಡಿಮೆಯಾಯಿತು ಎಂದು 2006ರ ಇನ್ನೊಂದು ಅಧ್ಯಯನ ತೋರಿಸಿತು. ಈಗ ರೋಗಿಯನ್ನು ಮೂರರಿಂದ ಆರು ತಿಂಗಳ ನಡುವೆ ಮತ್ತೆ ಕರೆದು ನೋಡಬೇಕು, ಆ ಫಲವನ್ನು ಆಪರೇಷನ್ ಮಾಡಿದವರ ಹೆಸರಿನ ಮುಂದೆ ಬರೆಯಬೇಕು ಎಂಬ ಪದ್ಧತಿ ಇದೆ. ನಮ್ಮ ಅಕೌಂಟೆನ್ಸಿಯಲ್ಲಿ ಮಾರಾಟದ ಖಾತೆಯ ಪಕ್ಕ ಮಾರಾಟ ವಾಪಸಾತಿ ಖಾತೆ ಇಡುವ ಹಾಗೆ. ಮಾರಿದ್ದನ್ನಷ್ಟೇ ಬರೆದು ವಾಪಸ್ ಬಂದದ್ದನ್ನು ಬರೆಯದ ಪುಸ್ತಕವನ್ನು ನಮ್ಮ ಸರ್ ಒಪ್ಪುವುದಿಲ್ಲ.

ಇಂಥ ಪುಸ್ತಕ ಇಡಲು ಶಿಬಿರಕ್ಕೆ ಸಾಧ್ಯವಿತ್ತೇ? ಕಷ್ಟ. ಹತ್ತು ದಿನಕ್ಕೆ ಶಿಬಿರ ಮುಗಿಯುತ್ತದೆ, ಶಾಲೆ ಮತ್ತೆ ಶಾಲೆಯಾಗುತ್ತದೆ, ಡಾಕ್ಟರ್ ಮುಂದಿನ ಊರಿನಲ್ಲಿ. ರೋಗಿಯನ್ನು ಕರೆಯಲು ಫೋನಿಲ್ಲ, ವಿಳಾಸ ಎಂದರೆ ಹಳ್ಳಿಯ ಹೆಸರು, ತಂದೆಯ ಹೆಸರು. ಮೋದಿಯವರಿಗೆ ಇದು ಗೊತ್ತಿಲ್ಲದ ಮಾತಾಗಿರಲಾರದು. ಅವರು ಬೆಂಗಳೂರಿನಲ್ಲಿ ತಮ್ಮ ಹೆಸರಿನ ಧರ್ಮಾರ್ಥ ಕಣ್ಣಿನ ಆಸ್ಪತ್ರೆಯನ್ನು ಕಟ್ಟಿದರು. ಅಲೆಯುವ ಡಾಕ್ಟರಿಗೂ ರೋಗಿ ತಿರುಗಿ ಬರಲು ಒಂದು ನಿಂತ ಬಾಗಿಲು ಬೇಕಿತ್ತು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಅಷ್ಟರಲ್ಲಿ ಕಾಲವೂ ಬದಲಾಗುತ್ತಿತ್ತು. ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು 1949ರಲ್ಲೇ ಕಣ್ಣಿನೊಳಗೆ ಕೃತಕ ಮಸೂರ ಇಟ್ಟು ತೋರಿಸಿದ್ದರು. ಆದರೆ ಅದು ಬಡವರ ಕೈಗೆ ಎಟುಕುವ ಬೆಲೆಯದ್ದಲ್ಲ. 1992ರಲ್ಲಿ ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯವರು ಆರೋಲ್ಯಾಬ್ ಎಂಬ ಸ್ವಂತ ಕಾರ್ಖಾನೆ ತೆರೆದು ಮಸೂರಗಳನ್ನು ಅಗ್ಗಕ್ಕೆ ತಯಾರಿಸತೊಡಗಿದರು. ಆಮೇಲೆ ಸೋಡಾಬುಡ್ಡಿ ಕನ್ನಡಕ ಮೆಲ್ಲಗೆ ಮಾಯವಾಯಿತು. ಶಾಲೆ, ಛತ್ರಗಳಲ್ಲಿ ಆಪರೇಷನ್ ಮಾಡುವುದನ್ನು ಸರ್ಕಾರವೂ ಬೇಡವೆಂದಿತು. ಈಗ ಹಳ್ಳಿಯಲ್ಲಿ ನಡೆಯುವುದು ತಪಾಸಣೆ ಮಾತ್ರ. ಪೊರೆ ಇದ್ದವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಒಯ್ದು, ಅಲ್ಲಿ ಆಪರೇಷನ್ ಮಾಡಿ, ತಿರುಗಿ ಬಿಡುತ್ತಾರೆ. ಮೇಲ್ನೋಟಕ್ಕೆ ಇದು ಮೋದಿಯವರ ದಾರಿಗೆ ವಿರುದ್ಧ. ನೋಡಿದರೆ ಅವರ ಅರ್ಧ ಕೆಲಸ ಹಾಗೇ ಉಳಿದಿದೆ: ಊರಿಗೇ ಹೋಗಿ, ಸಾಲು ನಿಲ್ಲಿಸಿ, ರೆಪ್ಪೆ ಬಿಡಿಸಿ, ಇಪ್ಪತ್ತರಲ್ಲಿ ಆ ಒಬ್ಬರನ್ನು ಹುಡುಕುವುದು.

ನಾನಿಗೆ ಎಡಗಣ್ಣಿನ ಆ ಎರಡು ಕೂದಲಿಗೆ ಬೇರೊಬ್ಬ ಡಾಕ್ಟರ್ ಬುಡದಲ್ಲಿ ಸೂಜಿಯಿಂದ ಕರೆಂಟ್ ಕೊಟ್ಟು ತೆಗೆದರು. ಎರಡು ಸಲ ಹೋಗಬೇಕಾಯಿತು. ಈಗ ಮೂರು ತಿಂಗಳಿಗೊಮ್ಮೆ ಖಾಲಾ ಮೊಬೈಲಿನ ಟಾರ್ಚ್ ಹಿಡಿದು ಎರಡೂ ಕಣ್ಣು ನೋಡಿ, ಗೋಡೆಯ ಉರ್ದು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ನಿಮ್ಮ ಮನೆಯಲ್ಲಿ ದಾದಿ, ನಾನಿ, ಅಜ್ಜಿ ಯಾರಾದರೂ ಚಿಮಟ ಇಟ್ಟುಕೊಂಡಿದ್ದರೆ ಅದನ್ನು ವಯಸ್ಸಿನ ತೊಂದರೆ ಎಂದು ಬಿಡಬೇಡಿ. ಮೇಲಕ್ಕೆ ನೋಡಿ, ಕೆಳಕ್ಕೆ ನೋಡಿ ಎಂದು ಹೇಳಿ ಟಾರ್ಚ್ ಹಾಕಿದರೆ ಗುಡ್ಡೆಗೆ ತಾಗುವ ಕೂದಲು ಬರಿಗಣ್ಣಿಗೇ ಕಾಣುತ್ತದೆ. ಕರಿಗುಡ್ಡೆ ಬೆಳ್ಳಗಾಗುವ ಮೊದಲು ಕರೆದೊಯ್ದರೆ ಇರುವ ದೃಷ್ಟಿ ಉಳಿಯುತ್ತದೆ. ಈಗಾಗಲೇ ಆಪರೇಷನ್ ಆಗಿದ್ದರೆ ಆರನೇ ತಿಂಗಳಿಗೆ ಇನ್ನೊಮ್ಮೆ ತೋರಿಸಿ, ಅವರು ಕರೆಯದಿದ್ದರೂ ಸರಿ.

ಡಾ. ಮೋದಿಯವರು 2005ರ ನವೆಂಬರ್ 11ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 89 ವರ್ಷ. ನಾನಿನ್ನೂ ಹುಟ್ಟಿರಲಿಲ್ಲ. ಬೆಂಗಳೂರಿನ ವೆಸ್ಟ್ ಆಫ್ ಕಾರ್ಡ್ ರಸ್ತೆಯ ಬಳಿ ಅವರ ಆಸ್ಪತ್ರೆ ಇದೆ, ಅಲ್ಲಿನ ರಸ್ತೆಗೂ ಅವರದೇ ಹೆಸರು. ಕಾಲೇಜಿನಿಂದ ಟೂರ್ ಹೋದಾಗ ಯಾರಾದರೂ ಬೋರ್ಡ್ ನೋಡಿ ಇದು ಯಾವ ಮೋದಿ ಎಂದು ಕೇಳಿದರೆ, ಬೀಳಗಿಯವರು ಎಂದು ಹೇಳಿ.